‘ಅದನ್ನ ಸ್ವಲ್ಪ ನಿಲ್ಲಿಸಿ ಬರೋಕೆ ಆಗಲ್ವಾ?’: ಆನ್‌ಲೈನ್ ಗೇಮ್‌ಗೆ ಪಾಜ್ ಬಟನ್ ಯಾಕಿಲ್ಲ?

ನಿಮ್ಮ ಮನೆಯಲ್ಲಿ ಗೇಮ್ ಆಡೋರು ಯಾರಾದರೂ ಇದ್ದರೆ, ಅಥವಾ ನೀವೇ ಆ ಪುಣ್ಯಾತ್ಮರಾಗಿದ್ದರೆ, ಎರಡು ಮಾತು ನಿಮಗೆ ಬಾಯಿಪಾಠ ಆಗಿರುತ್ತೆ. ಒಂದು, "ಅದನ್ನ ಸ್ವಲ್ಪ ನಿಲ್ಲಿಸಿ ಬಾ." ಇನ್ನೊಂದು, "ಎರಡೇ ನಿಮಿಷ, ಮ್ಯಾಚ್ ಮುಗೀಲಿ." ನಮ್ಮ ಮನೇಲಿ ಮೊದಲನೇದನ್ನ ಅಮ್ಮ ಹೇಳೋದು, ದೋಸೆ ಹೆಂಚಿನ ಮೇಲಿದ್ದಾಗ. ಎರಡನೇದನ್ನ ಹೇಳೋದು ನಾನು, ಹೆಡ್‌ಫೋನ್ ಕೂಡ ತೆಗೀದೆ.

ಇವತ್ತಿನ ಎಪಿಸೋಡ್ ಈ ಎರಡು ವಾಕ್ಯಗಳ ಮಧ್ಯದ ಜಗಳದ ಬಗ್ಗೆ. ಇದನ್ನ ಮಾಡಬೇಕು ಅನ್ನಿಸಿದ್ದಕ್ಕೆ ಒಂದು ಕಾರಣ ಇದೆ. ಅದನ್ನ ಮೊದಲು ಹೇಳಿಬಿಡ್ತೀನಿ.

ನಾನಿರೋದು ಬೆಂಗಳೂರಲ್ಲಿ. ನನಗೆ ನಿಶ್ಚಯ ಆಗಿರೋ ಹುಡುಗಿ ಇರೋದು ತುಮಕೂರಲ್ಲಿ, ಅವಳ ಅಪ್ಪ ಅಮ್ಮನ ಜೊತೆ. ಬಿ.ಕಾಂ. ಓದಿದವನು ಅನ್ನೋ ಒಂದೇ ಕಾರಣಕ್ಕೆ ಎರಡೂ ಮನೆಯ ಕಾಗದಪತ್ರ ನನ್ನ ತಲೆಗೆ ಬಿದ್ದಿದೆ. ಅವಳ ಅಪ್ಪನ ಹೆಲ್ತ್ ಇನ್ಶೂರೆನ್ಸ್ ಮಾಡಿಸಿದ್ದೂ ನಾನೇ. ಪಾಲಿಸಿ ಬಂದಿದ್ದು ನನ್ನ ಇಮೇಲ್‌ಗೆ. ಕಾರ್ಡಿನ ಪಿಡಿಎಫ್ ಇದ್ದಿದ್ದು ನನ್ನ ಫೋನ್‌ನಲ್ಲಿ ಮಾತ್ರ. "ಆಮೇಲೆ ಕಳಿಸ್ತೀನಿ" ಅಂದಿದ್ದೆ, ಕಳಿಸಿರಲಿಲ್ಲ.

ಹೋದ ವರ್ಷ ಒಂದು ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಾವನಿಗೆ ಎದೆನೋವು ಬಂತು. ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದರು. ಕೌಂಟರ್‌ನಲ್ಲಿ ಇನ್ಶೂರೆನ್ಸ್ ಕಾರ್ಡ್ ಕೇಳಿದರು, ಇಲ್ಲಾಂದ್ರೆ ಅಡ್ವಾನ್ಸ್ 50,000 ಕಟ್ಟಿ ಅಂದರು. ಅವಳು ನನಗೆ ಫೋನ್ ಮಾಡಿದಳು. ಒಂದಲ್ಲ, ಏಳು ಸಲ. ನಾನು ಮಾಡಬೇಕಿದ್ದಿದ್ದು ಒಂದು ಪಿಡಿಎಫ್ ಫಾರ್ವರ್ಡ್, ಹತ್ತು ಸೆಕೆಂಡಿನ ಕೆಲಸ. ನಾನು ಗೇಮ್‌ನಲ್ಲಿದ್ದೆ. ನನ್ನ ಫೋನ್ ಒಂದು ಸಲಾನೂ ರಿಂಗ್ ಆಗಲಿಲ್ಲ.

ಮಾವ ಈಗ ಚೆನ್ನಾಗಿದ್ದಾರೆ, ಸ್ಟೆಂಟ್ ಹಾಕಿದ್ದಾರೆ. ಆ ರಾತ್ರಿ ದುಡ್ಡು ಹೊಂದಿಸಿದ್ದು ಅವಳ ಚಿಕ್ಕಪ್ಪ. ನಾನು ವಾಪಸ್ ಫೋನ್ ಮಾಡಿದಾಗ ಅವಳು ಕೂಗಾಡಲಿಲ್ಲ, ಅಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ನಿಲ್ಲಿಸಿ ಒಂದು ಸಲ ಫೋನ್ ನೋಡೋಕೆ ಆಗಲ್ವಾ ನಿಂಗೆ?"

ಆಗಲ್ಲ ಅಂತ ಹೇಳೋಕೆ ಹೋದೆ. ಟೆಕ್ನಿಕಲ್ ಆಗಿ ಅದು ನಿಜ ಕೂಡ. ಅದು ಯಾಕೆ ನಿಜ ಅಂತ ಈಗ ಹೇಳ್ತೀನಿ. ನಿಜ ಆದ್ರೂ ಅದು ಯಾಕೆ ಉತ್ತರ ಅಲ್ಲ ಅನ್ನೋದಕ್ಕೆ ಆಮೇಲೆ ಬರೋಣ.

ಹಳೇ ನೋಕಿಯಾ ಫೋನ್‌ನ ಸ್ನೇಕ್ ಗೇಮ್ ನೆನಪಿದ್ಯಾ? ಆ ಹಾವು, ಅದು ತಿನ್ನೋ ಚುಕ್ಕಿ, ಸ್ಕೋರು, ಎಲ್ಲ ಇರೋದು ನಿಮ್ಮ ಕೈಯಲ್ಲಿರೋ ಆ ಡಬ್ಬದೊಳಗೇ. ನೀವು ನಿಲ್ಲಿಸಿದರೆ ಹಾವಿನ ಇಡೀ ಪ್ರಪಂಚ ನಿಲ್ಲುತ್ತೆ. ಹೋಗಿ ಊಟ ಮಾಡಿ, ಮಲಗಿ ಎದ್ದು ಬನ್ನಿ, ಹಾವು ಅಲ್ಲೇ ಇರುತ್ತೆ. ಮಾರಿಯೋ ಕೂಡ ಹಾಗೇ. ನಮ್ಮ ಅಪ್ಪ ಅಮ್ಮ ನೋಡಿದ ವಿಡಿಯೋ ಗೇಮ್ ಅಂದ್ರೆ ಇವೇ. ಅವರ ಲೆಕ್ಕದಲ್ಲಿ ಗೇಮ್ ಅಂದ್ರೆ ನಿಲ್ಲಿಸಬಹುದಾದ ವಸ್ತು, ಮಿಕ್ಸಿ ಥರ.

ಬಿಜಿಎಂಐ ಥರದ ಗೇಮ್‌ನಲ್ಲಿ ಪಂದ್ಯ ನಡೀತಾ ಇರೋದು ನಿಮ್ಮ ಫೋನ್‌ನಲ್ಲಿ ಅಲ್ಲವೇ ಅಲ್ಲ. ಅದು ನಡೀತಿರೋದು ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿರೋ ಸರ್ವರ್‌ನಲ್ಲಿ. ನಿಮ್ಮ ಫೋನ್ ಅದಕ್ಕೊಂದು ಕಿಟಕಿ ಅಷ್ಟೇ. ನೀವು ಫೈರ್ ಬಟನ್ ಒತ್ತಿದಾಗ ಫೋನ್ ಸರ್ವರ್‌ಗೆ ಸುದ್ದಿ ಕಳಿಸುತ್ತೆ, ‘ಇವನು ಗುಂಡು ಹಾರಿಸಿದ’ ಅಂತ. ಎಲ್ಲರ ಸುದ್ದಿಯನ್ನೂ ಕೂಡಿಸಿಕೊಂಡು ಪಂದ್ಯದ ಲೆಕ್ಕ ಇಡೋದು ಸರ್ವರ್. ಈ ಸುದ್ದಿ ಹೋಗಿ ಬರೋಕೆ ಹಿಡಿಯೋ ಸಮಯಾನೇ ಪಿಂಗ್. 40 ಮಿಲಿಸೆಕೆಂಡ್ ಇದ್ದರೆ ಆರಾಮು. 200 ದಾಟಿತು ಅಂದ್ರೆ ನೀವು ಗೋಡೆ ಹಿಂದೆ ಅಡಗಿಕೊಂಡ ಮೇಲೂ ಸಾಯ್ತೀರಾ, ಯಾಕಂದ್ರೆ ಸರ್ವರ್ ಲೆಕ್ಕದಲ್ಲಿ ನೀವಿನ್ನೂ ಬಯಲಲ್ಲೇ ಇದ್ದೀರಾ. (ಮನೇಲಿ ಯಾರೋ ವೈಫೈನಲ್ಲಿ ದೊಡ್ಡ ಫೈಲ್ ಅಪ್‌ಲೋಡ್ ಮಾಡ್ತಿದ್ದಾಗ "ಯಾರೋ ನೆಟ್ ತಿಂತಿದ್ದೀರಾ" ಅಂತ ಕೂಗೋದು ಇದಕ್ಕೇ. ಅದೇ ಒಂದು ಬೇರೆ ಎಪಿಸೋಡ್ ಆಗುತ್ತೆ.)

ಹಾಗಾಗಿ ನಾನು ‘ನಿಲ್ಲಿಸಿದರೆ’ ಮುಚ್ಚೋದು ನನ್ನ ಕಿಟಕಿ ಮಾತ್ರ. ಪಂದ್ಯ ನಡೀತಾನೇ ಇರುತ್ತೆ. ನನ್ನ ಕ್ಯಾರೆಕ್ಟರ್ ಹೊಲದ ಬೆದರುಬೊಂಬೆ ಥರ ನಿಂತಿರುತ್ತೆ, ಬಂದವರು ಹೊಡೆದು ಹೋಗ್ತಾರೆ. ಎಲ್ಲರಿಗೂ ಒಂದು ಪಾಜ್ ಬಟನ್ ಕೊಟ್ಟುಬಿಡಬಹುದಲ್ವಾ ಅಂತೀರಾ? ಲೆಕ್ಕ ಹಾಕೋಣ. ಎರಾಂಗೆಲ್ ಮ್ಯಾಪ್‌ನ ಒಂದು ಕ್ಲಾಸಿಕ್ ಮ್ಯಾಚ್‌ನಲ್ಲಿ 100 ಜನ ಇರ್ತಾರೆ. ಒಬ್ಬೊಬ್ಬರು ಒಂದೇ ಒಂದು ಸಲ, ಒಂದು ನಿಮಿಷ ನಿಲ್ಲಿಸಿದರೂ 100 ನಿಮಿಷ ಆಯ್ತು. ಅರ್ಧ ಗಂಟೆ ಮ್ಯಾಚು, ಒಂದು ಗಂಟೆ ನಲವತ್ತು ನಿಮಿಷ ಕಾಯೋದು. ನಮ್ಮ ಸರ್ಕಾರಿ ಕಚೇರಿಗೂ ಅದಕ್ಕೂ ವ್ಯತ್ಯಾಸ ಇರಲ್ಲ.

ಜನ ಕಡಿಮೆ ಇದ್ದ ಕಡೆ ಪಾಜ್ ಇದೆ. ಡೋಟಾ 2ರಲ್ಲಿ ಐದೈದು ಜನರ ಎರಡು ತಂಡ, ಅಲ್ಲಿ ಆಟಗಾರರು ಪಂದ್ಯ ನಿಲ್ಲಿಸಬಹುದು. ಚೆಸ್‌ನಲ್ಲಂತೂ ಹಿಂದೆ ಆಟ ಮುಗೀಲಿಲ್ಲ ಅಂದ್ರೆ ಮುಂದಿನ ನಡೆಯನ್ನ ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿ, ಮಾರನೇ ದಿನಕ್ಕೆ ಮುಂದೂಡ್ತಿದ್ದರು. 1972ರ ವಿಶ್ವ ಚಾಂಪಿಯನ್‌ಶಿಪ್‌ನ ಕೊನೇ ಪಂದ್ಯ ಹೀಗೇ ನಿಂತಿತ್ತು. ಮಾರನೇ ದಿನ ಸ್ಪಾಸ್ಕಿ ಆಡೋಕೆ ಬರಲೇ ಇಲ್ಲ. ಫೋನ್‌ನಲ್ಲೇ ಸೋಲು ಒಪ್ಪಿಕೊಂಡರು, ಫಿಶರ್ ಚಾಂಪಿಯನ್ ಆದರು. ಆಮೇಲೆ ಕಂಪ್ಯೂಟರ್‌ಗಳು ಚೆಸ್ ಕಲಿತವು, ರಾತ್ರಿಯೆಲ್ಲ ಅವನ್ನ ಕೇಳಿಕೊಂಡು ಬರೋ ಸಾಧ್ಯತೆ ಬಂತು, ಲಕೋಟೆ ಪದ್ಧತಿ ನಿಂತೇ ಹೋಯ್ತು.

ಇದನ್ನೆಲ್ಲ ಒಂದು ದಿನ ಅಮ್ಮನಿಗೆ ಉತ್ಸಾಹದಿಂದ ವಿವರಿಸಿದೆ. "ಅಮ್ಮಾ, ಅದು ಮಿಕ್ಸಿ ಅಲ್ಲ, ಕಬಡ್ಡಿ ಕೋರ್ಟು. ನಾನು ಹೊರಗೆ ಬರಬಹುದು, ಆಟ ನಿಲ್ಲಲ್ಲ." ಅಮ್ಮ ದೋಸೆ ತಿರುವಿ ಹಾಕ್ತಾ ಹೇಳಿದರು, "ಸರಿ ಬಿಡು, ಆಟ ನಡೀಲಿ. ನೀನು ಹೊರಗೆ ಬಾ."

ನನ್ನತ್ರ ಉತ್ತರ ಇರಲಿಲ್ಲ. ಹೊರಗೆ ಬಂದರೆ ಆಗೋದಾದರೂ ಏನು? ಬಿಜಿಎಂಐನಲ್ಲಿ ತಂಡ ಬಿಟ್ಟು ಓಡಿದರೆ ಮೆರಿಟ್ ಕಡಿಮೆ ಆಗುತ್ತೆ. ರ‍್ಯಾಂಕ್ ಪಾಯಿಂಟ್ ಒಂದಿಷ್ಟು ಹೋಗುತ್ತೆ. ಸ್ನೇಹಿತ "ಏನ್ ಮಗಾ ನೀನು" ಅಂತ ಬೈತಾನೆ. ಅಷ್ಟೇ. ಕ್ಯಾರೆಕ್ಟರ್ ಬದುಕಿದ್ದರೆ ಆ್ಯಪ್ ತೆಗೆದು ಮತ್ತೆ ಅದೇ ಮ್ಯಾಚ್‌ಗೆ ಸೇರಿಕೊಳ್ಳೋಕೂ ಆಗುತ್ತೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದರೆ, ಆ ಕಡೆ ನಷ್ಟ ಎಷ್ಟು ಅಂತ ಗೊತ್ತು, ಅದು ಚಿಕ್ಕದು. ಈ ಕಡೆ ಏನಿದೆ ಅಂತ ಫೋನ್ ಎತ್ತೋವರೆಗೂ ಗೊತ್ತಾಗಲ್ಲ.

ಆ ರಾತ್ರಿ ಬಗ್ಗೆ ಇನ್ನೊಂದು ವಿಷಯ ಇದೆ. ಅವಳಿಗೆ ಅದನ್ನ ಹೇಳೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಅವಳು ಮೊದಲ ಸಲ ಫೋನ್ ಮಾಡೋ ಹೊತ್ತಿಗೆ ಆ ಮ್ಯಾಚ್‌ನಲ್ಲಿ ನಾನು ಸತ್ತು ಐದು ನಿಮಿಷ ಆಗಿತ್ತು. ನಾನು ಆಡ್ತಾನೇ ಇರಲಿಲ್ಲ. ನನ್ನ ಫ್ರೆಂಡ್ ಆಡೋದನ್ನ ನೋಡ್ತಾ, "ಎಡಕ್ಕೆ ಮಗಾ, ಮರದ ಹಿಂದೆ" ಅಂತ ಹೇಳ್ತಾ ಕೂತಿದ್ದೆ. ಪಾಜ್ ಬಟನ್ ಇದ್ದಿದ್ದರೂ ನನಗೆ ಅದರ ಅವಶ್ಯಕತೆ ಇರಲಿಲ್ಲ.

ಹಾಗಾದರೆ ಫೋನ್ ಯಾಕೆ ರಿಂಗ್ ಆಗಲಿಲ್ಲ? ಇದು ಸೆಟ್ಟಿಂಗ್ಸ್ ವಿಷಯ, ಇಲ್ಲಿ ಗಮನ ಕೊಡಿ. ಗೇಮ್ ಮಧ್ಯೆ ಕಾಲ್ ಎತ್ತಿದರೆ ಮೈಕು ಆ ಕಾಲ್‌ಗೆ ಹೋಗುತ್ತೆ, ಗೇಮ್ ಹಿಂದಕ್ಕೆ ಸರಿಯುತ್ತೆ. ರ‍್ಯಾಮ್ ಕಡಿಮೆ ಇರೋ ಫೋನ್ ಆದ್ರೆ ಆಂಡ್ರಾಯ್ಡ್ ಆ ಗೇಮ್‌ನ ಮುಚ್ಚೇಬಿಡಬಹುದು. ಅದಕ್ಕೆ ಸುಮಾರು ಫೋನ್ ಕಂಪನಿಗಳು ‘ಗೇಮ್ ಮೋಡ್’ ಅಂತ ಒಂದು ಕೊಟ್ಟಿರ್ತಾರೆ. ಅದರೊಳಗೆ ನೋಟಿಫಿಕೇಶನ್ ತಡೆಯೋದು, ಕೆಲವು ಫೋನ್‌ಗಳಲ್ಲಿ ಕಾಲ್ ಅನ್ನೇ ತಡೆಯೋದು ಇರುತ್ತೆ. ಪರ್ಸನಲ್ ಲೋನ್ ಬೇಕಾ ಸಾರ್ ಅನ್ನೋರ ಕಾಟಕ್ಕೆ ನಾನು ಯಾವತ್ತೋ ಅದನ್ನ ಆನ್ ಮಾಡಿದ್ದೆ. ಮರೆತೂ ಹೋಗಿತ್ತು. ಅಂದ್ರೆ ಆ ಏಳೂ ಕಾಲ್‌ಗಳನ್ನ ತಡೆದಿದ್ದು, ಲೋನ್ ಏಜೆಂಟ್‌ಗೆ ಅಂತ ನಾನೇ ಕಟ್ಟಿದ ಗೋಡೆ.

ನೀವು ಮಾಡಬೇಕಾದ್ದು ಇಷ್ಟು. ಗೇಮ್ ಮೋಡ್ ಒಳಗೆ ಹೋಗಿ ಕಾಲ್ ತಡೆಯೋ ಆಯ್ಕೆ ಇದ್ದರೆ ಆಫ್ ಮಾಡಿ. ಶಾಂತಿ ಬೇಕು ಅಂದ್ರೆ ಅದರ ಬದಲು ಫೋನ್‌ನ ಮಾಮೂಲಿ ‘ಡು ನಾಟ್ ಡಿಸ್ಟರ್ಬ್’ ಬಳಸಿ, ಅದು ಸ್ವಲ್ಪ ಬುದ್ಧಿವಂತ. ಆಂಡ್ರಾಯ್ಡ್‌ನಲ್ಲಿ ಮನೆಯವರ ನಂಬರ್‌ಗೆ ಸ್ಟಾರ್ ಹಾಕಿ, ಸ್ಟಾರ್ ಇರೋ ಕಾಂಟ್ಯಾಕ್ಟ್‌ಗಳ ಕಾಲ್ ಬಿಡು ಅಂತ ಹೇಳಬಹುದು. ಜೊತೆಗೆ ‘ರಿಪೀಟ್ ಕಾಲರ್ಸ್’ ಅಂತ ಒಂದಿದೆ. ಒಂದೇ ನಂಬರ್‌ನಿಂದ 15 ನಿಮಿಷದೊಳಗೆ ಎರಡನೇ ಸಲ ಕಾಲ್ ಬಂದರೆ, ಡಿಎನ್‌ಡಿ ಇದ್ದರೂ ರಿಂಗ್ ಆಗುತ್ತೆ. ಐಫೋನ್‌ನಲ್ಲೂ ಇದೆ, ಅಲ್ಲಿ ಮೂರು ನಿಮಿಷದೊಳಗೆ. ಇಷ್ಟು ಮಾಡಿದ ಮೇಲೆ ಗೇಮ್ ಓಪನ್ ಮಾಡಿಟ್ಟು, ಪಕ್ಕದಲ್ಲಿರೋರಿಗೆ ಫೋನ್ ಮಾಡೋಕೆ ಹೇಳಿ. ರಿಂಗ್ ಆದರೆ ಮಾತ್ರ ನಂಬಿ, ಸೆಟ್ಟಿಂಗ್ಸ್ ಪುಟವನ್ನ ನಂಬಬೇಡಿ.

ಈ ಎರಡನೇ ಕಾಲ್‌ನ ಮೇಲೇನೇ ನಾವಿಬ್ಬರೂ ಒಂದು ಒಪ್ಪಂದ ಮಾಡ್ಕೊಂಡಿದ್ದೀವಿ. ಒಂದು ಸಲ ಫೋನ್ ಮಾಡಿ ಬಿಟ್ಟರೆ ‘ಆಮೇಲೆ ಮಾತಾಡೋಣ’ ಅಂತ. ಬೆನ್ನಿಗೇ ಇನ್ನೊಂದು ಸಲ ಮಾಡಿದರೆ ‘ಈಗಲೇ ಎತ್ತು’ ಅಂತ. ಅವಳು ಅದನ್ನ ಸುಮ್ಮಸುಮ್ಮನೆ ಬಳಸಲ್ಲ. ಬಳಸಿದಾಗ ನಾನು ಮ್ಯಾಚ್ ಬಿಟ್ಟು ಏಳ್ತೀನಿ. ಅವಳ ಕಸಿನ್ ಒಬ್ಬಳು ಬೇರೆ ಸಲಹೆ ಕೊಟ್ಟಿದ್ದಳು, ನನ್ನ ಫೋನ್‌ನ ಲೊಕೇಶನ್, ಸ್ಕ್ರೀನ್‌ಟೈಮ್ ಎಲ್ಲ ಅವಳ ಫೋನ್‌ಗೆ ಬರೋ ಹಾಗೆ ಮಾಡು ಅಂತ. ನನಗೆ ಅದು ಸರಿ ಕಾಣಲ್ಲ. ಮದುವೆ ಆಗೋ ಹುಡುಗಿ ನನ್ನ ಹಾಸ್ಟೆಲ್ ವಾರ್ಡನ್ ಆಗೋದು ಅವಳಿಗೂ ಬೇಡ, ನನಗೂ ಬೇಡ.

ಇನ್ನು ಆ ‘ಎರಡೇ ನಿಮಿಷ’. ಗೇಮರ್‌ಗಳೇ, ಇದು ನಮ್ಮ ಸುಳ್ಳು ಅಂತ ಒಪ್ಕೊಳ್ಳೋಣ. ಒಂದು ಸಲ ಟೈಮರ್ ಇಟ್ಟು ನೋಡಿದೆ, ನನ್ನ ಎರಡು ನಿಮಿಷ 19 ನಿಮಿಷ ಆಗಿತ್ತು. ಮ್ಯಾಚ್ ಎಷ್ಟು ಹೊತ್ತು ಅಂತ ಶುರು ಮಾಡೋಕೆ ಮುಂಚೆನೇ ನಮಗೆ ಗೊತ್ತಿರುತ್ತೆ. ಎರಾಂಗೆಲ್ ಅಂದ್ರೆ ಸುಮಾರು ಅರ್ಧ ಗಂಟೆ. ಲಿವಿಕ್ ಚಿಕ್ಕ ಮ್ಯಾಪು, 52 ಜನ, ಕಾಲು ಗಂಟೆ. ಟೀಮ್ ಡೆತ್‌ಮ್ಯಾಚ್ ಅಂದ್ರೆ ಹೆಚ್ಚಂದ್ರೆ ಹತ್ತು ನಿಮಿಷ. ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ಕೇಳ್ತಿರುವಾಗ ಎರಾಂಗೆಲ್ ಶುರು ಮಾಡೋದು ಬೇಕಂತಲೇ ಮಾಡೋ ಕೆಲಸ. ಪಾಜ್ ಬಟನ್ ಇಲ್ಲ, ಆದರೆ ಸ್ಟಾರ್ಟ್ ಬಟನ್ ಒತ್ತೋದು ನಾವೇ. ಬಿಜಿಎಂಐ 2023ರಲ್ಲಿ ಭಾರತಕ್ಕೆ ವಾಪಸ್ ಬಂದಾಗ ದಿನಕ್ಕೆ ಇಷ್ಟೇ ಅಂತ ಮಿತಿ ಹಾಕಿತ್ತು, 18 ದಾಟಿದವರಿಗೆ ಆರು ಗಂಟೆ, ಅದಕ್ಕಿಂತ ಚಿಕ್ಕವರಿಗೆ ಮೂರು. ಆರು ಗಂಟೆ ಅಂದ್ರೆ ಹನ್ನೆರಡು ಎರಾಂಗೆಲ್! ಆ ಮಿತಿ ನನ್ನಂಥವನ ಸಂಸಾರ ಉಳಿಸಲ್ಲ.

ಗೇಮ್ ಆಡದೇ ಇರೋರಿಗೂ ಒಂದು ಮಾತು. ವೈಫೈ ಸ್ವಿಚ್ ಆಫ್ ಮಾಡಬೇಡಿ. ಅದರಿಂದ ಇನ್ನೂ ಮೂರು ಜನರ ಆಟ ಹಾಳಾಗುತ್ತೆ, ಆಡೋನಿಗೆ ಸಿಟ್ಟು ಬಂದು ಮೂಲ ವಿಷಯಾನೇ ಮರೆತುಹೋಗುತ್ತೆ. "ಬಾ" ಅನ್ನೋ ಬದಲು "ಊಟಕ್ಕೆ ಹದಿನೈದು ನಿಮಿಷ ಇದೆ" ಅಂತ ಹೇಳಿ ನೋಡಿ. ಅದು ನಮಗೆ ಅರ್ಥ ಆಗೋ ಭಾಷೆ, ಲಿವಿಕ್ ಸಾಕು ಅಂತ ಗೊತ್ತಾಗುತ್ತೆ. ಇಷ್ಟಾದ ಮೇಲೂ ತಿಂಗಳುಗಟ್ಟಲೆ ಕೆಲಸ, ನಿದ್ದೆ, ಮನೆ ಯಾವುದೂ ಲೆಕ್ಕಕ್ಕಿಲ್ಲ, ಆಡೋದು ಮಾತ್ರ ನಿಲ್ತಿಲ್ಲ ಅಂದ್ರೆ ಅದು ಜಗಳದಲ್ಲಿ ಬಗೆಹರಿಯೋದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಡಿಸಾರ್ಡರ್ ಅನ್ನ ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ‘ಶಟ್’ ಕ್ಲಿನಿಕ್ ಇದೆ. ಹೋಗೋದಕ್ಕೆ ನಾಚಿಕೆ ಏನೂ ಬೇಡ.

ನಾನು ಈಗಲೂ ಆಡ್ತೀನಿ, ಬಿಟ್ಟಿಲ್ಲ. ಸತ್ತ ಮೇಲೆ ಕೂತು ನೋಡೋದನ್ನ ಮಾತ್ರ ಬಿಟ್ಟಿದ್ದೀನಿ. ಫ್ರೆಂಡ್ಸ್‌ಗೆ "ನಾನು ಹೋದೆ ಕಣ್ರೋ" ಅಂತ ಹೇಳಿ ಎದ್ದುಬಿಡ್ತೀನಿ. ಮಾವನ ಇನ್ಶೂರೆನ್ಸ್ ಕಾರ್ಡು ಈಗ ನಾಲ್ಕು ಜನರ ಫೋನ್‌ನಲ್ಲಿದೆ. ಜೊತೆಗೆ ಅತ್ತೆ ಅದರ ಪ್ರಿಂಟ್ ತೆಗೆಸಿ, ಲ್ಯಾಮಿನೇಶನ್ ಮಾಡಿಸಿ, ದೇವರ ಫೋಟೋ ಹಿಂದೆ ಇಟ್ಟಿದ್ದಾರೆ. ಅದಕ್ಕೆ ನೆಟ್‌ವರ್ಕೂ ಬೇಡ, ನಾನೂ ಬೇಡ.

ಮುಂದಿನ ವಾರ ಆ ವೈಫೈ ಜಗಳದ ವಿಷಯ ಇಟ್ಕೊಂಡು ಬರ್ತೀನಿ. ಗೇಮ್ ಮೋಡ್ ಚೆಕ್ ಮಾಡೋದನ್ನ ಮರೀಬೇಡಿ. ಸಿಗೋಣ.