ಅಂಚೆಯಲ್ಲಿ ಕಳೆದ ಬೀಜದ ಪಾರ್ಸೆಲ್ಲಿಗೆ ಪರಿಹಾರ ಪಡೆಯುವುದು ಹೇಗೆ?

ಬಿತ್ತನೆಯ ಕಾಲಕ್ಕೆ ಬೀಜದ ಪೊಟ್ಟಣಗಳನ್ನು ಅಂಚೆಯ ಮೂಲಕ ತರಿಸಿಕೊಳ್ಳುವ ರೈತರು ಅನೇಕರಿದ್ದಾರೆ. ತರಕಾರಿ ಬೀಜವೆಂದರೆ ತೂಕ ಕಡಿಮೆ, ಬೆಲೆ ಹೆಚ್ಚು. ಇಂತಹ ಪಾರ್ಸೆಲ್ ದಾರಿಯಲ್ಲಿ ಕಳೆದರೆ ಹಣದ ಜೊತೆಗೆ ಹದವೂ ಕೈತಪ್ಪುತ್ತದೆ. ಹದ ತಪ್ಪಿದ ನಷ್ಟವನ್ನು ಅಂಚೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಉಳಿದ ಪರಿಹಾರ ಎಷ್ಟೆಂಬುದು ಪಾರ್ಸೆಲನ್ನು ಕೌಂಟರಿನಲ್ಲಿ ಕೊಡುವ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

1898ರ ಹಳೆಯ ಅಂಚೆ ಕಾಯ್ದೆಯ ಸ್ಥಾನದಲ್ಲಿ 2023ರ ಕಾಯ್ದೆಯು 2024ರ ಜೂನ್ 18ರಿಂದ ಜಾರಿಗೆ ಬಂದಿದೆ. ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆಯನ್ನು ಮಾತ್ರ ಇಲಾಖೆ ಹೊರುತ್ತದೆ ಎಂಬುದು ಅದರ ತಿರುಳು. ಆದ್ದರಿಂದ ರಶೀದಿಯಿಲ್ಲದ ಸಾಧಾರಣ ಅಂಚೆಯಲ್ಲಿ ಬೀಜ ಕಳುಹಿಸಿ ಆಮೇಲೆ ಪರಿಹಾರ ಕೇಳಿ ಫಲವಿಲ್ಲ. ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ.

ಸ್ಪೀಡ್ ಪೋಸ್ಟ್ ಪಾರ್ಸೆಲ್ ಕಳೆದರೆ ನೀವು ಕಟ್ಟಿದ ಅಂಚೆ ವೆಚ್ಚದ ಎರಡರಷ್ಟು ಅಥವಾ 1000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ. ಉದಾಹರಣೆಗೆ, 2500 ರೂಪಾಯಿ ಬೆಲೆಯ ಬೀಜಕ್ಕೆ 90 ರೂಪಾಯಿ ಅಂಚೆ ವೆಚ್ಚ ಕಟ್ಟಿದ್ದೀರಿ ಎನ್ನೋಣ. ಕೈಗೆ ಬರುವುದು 180 ರೂಪಾಯಿ! ಬೀಜದ ಬೆಲೆ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಬೆಲೆ ಲೆಕ್ಕಕ್ಕೆ ಬರಬೇಕಾದರೆ ಪಾರ್ಸೆಲ್ಲಿಗೆ ವಿಮೆ ಮಾಡಿಸಬೇಕು. ಅದಕ್ಕೆ ಪ್ರತ್ಯೇಕ ಶುಲ್ಕವಿದೆ; ದರ ಮತ್ತು ಮಿತಿಗಳು ಆಗಾಗ ಬದಲಾಗುವುದರಿಂದ ಕೌಂಟರಿನಲ್ಲೇ ವಿಚಾರಿಸಿರಿ. ಹಳ್ಳಿಯ ಶಾಖಾ ಅಂಚೆ ಕಚೇರಿಯಲ್ಲಿ ಅನುಕೂಲವಿಲ್ಲದಿದ್ದರೆ ತಾಲ್ಲೂಕು ಕೇಂದ್ರದ ಕಚೇರಿಗೆ ಹೋಗುವುದು ಲೇಸು. ವಿಮೆಯ ಮೊತ್ತವನ್ನು ಬೀಜದ ನಿಜವಾದ ಬೆಲೆಗಿಂತ ಹೆಚ್ಚು ತೋರಿಸಬಾರದು. ಬೆಲೆಗೆ ಆಧಾರ ಖರೀದಿಯ ಬಿಲ್ಲು; ಅದನ್ನು ಜೋಪಾನವಾಗಿಡಿ.

ಅಂಚೆ ರಶೀದಿಯಲ್ಲಿ 13 ಅಕ್ಷರ-ಅಂಕಿಗಳ ಒಂದು ಸಂಖ್ಯೆ ಮತ್ತು ಪಾರ್ಸೆಲ್ಲಿನ ತೂಕ ಇರುತ್ತವೆ. ಎರಡೂ ಮುಖ್ಯ. ಪಾರ್ಸೆಲ್ ಎಲ್ಲಿದೆಯೆಂದು ತಿಳಿಯಲು ಸಂಖ್ಯೆ ಬೇಕು. ಪಾರ್ಸೆಲ್ ಬಂದಾಗ ಹೊಲಿಗೆ ಬಿಚ್ಚಿದಂತೆ ಕಂಡರೆ ತಕ್ಕಡಿಯಲ್ಲಿಟ್ಟು ರಶೀದಿಯ ತೂಕಕ್ಕೆ ಹೋಲಿಸಿ ನೋಡಿ. ತೂಕ ಕಡಿಮೆಯಿದ್ದರೆ ಸಹಿ ಹಾಕುವ ಮೊದಲೇ ಪೋಸ್ಟ್ ಮಾಸ್ಟರರಿಗೆ ತಿಳಿಸಿ, ಅವರ ಎದುರಿನಲ್ಲೇ ಬಿಚ್ಚಿಸಿ, ಬರವಣಿಗೆಯಲ್ಲಿ ದಾಖಲೆ ಮಾಡಿಸಿಕೊಳ್ಳಿ. ಹೊದಿಕೆಯನ್ನು ಒಲೆಗೆ ಹಾಕಬೇಡಿ, ಅದೂ ಸಾಕ್ಷಿಯೇ.

ಕಳುಹಿಸುವವರು ನೀವಾದರೆ ಇಬ್ಬರ ವಿಳಾಸ ಬರೆದ ಚೀಟಿಯೊಂದನ್ನು ಪೊಟ್ಟಣದ ಒಳಗೂ ಇಡಿ. ಮೇಲಿನ ವಿಳಾಸ ಮಳೆಯಲ್ಲಿ ಅಳಿಸಿಹೋದ ಪಾರ್ಸೆಲ್ಲುಗಳನ್ನು ವಿಳಾಸ ಪತ್ತೆ ಮಾಡುವ ಅಂಚೆ ಕಚೇರಿಯಲ್ಲಿ ಬಿಚ್ಚಿ ನೋಡುತ್ತಾರೆ. ಎಷ್ಟೋ ಸಲ ಆ ಚೀಟಿಯಿಂದಲೇ ಬೀಜ ಮನೆ ಸೇರುತ್ತದೆ.

ಪಾರ್ಸೆಲ್ ಬಾರದಿದ್ದರೆ ಬರುತ್ತದೆಂದು ವಾರಗಟ್ಟಲೆ ಕಾಯುವುದು ಸರಿಯಲ್ಲ. ಅಂಚೆ ಕಚೇರಿಯಲ್ಲಿ ಇಲ್ಲವೆ 1800-266-6868 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಪರಿಹಾರ ಸಲ್ಲುವುದು ಕಳುಹಿಸಿದವರಿಗೆ. ಆದುದರಿಂದ ಬೀಜ ಕೊಂಡವರು ನೀವಾದರೆ ಮಾರಾಟಗಾರರಿಗೂ ಕೂಡಲೇ ಬರೆಯಬೇಕು. 1930ರ ಸರಕು ಮಾರಾಟ ಕಾಯ್ದೆಯಂತೆ, ಬೇರೆ ಮಾತಾಗದಿದ್ದರೆ, ಸರಕನ್ನು ಸಾಗಿಸುವವರಿಗೆ ಒಪ್ಪಿಸಿದ್ದು ಮೇಲ್ನೋಟಕ್ಕೆ ನಿಮಗೇ ಒಪ್ಪಿಸಿದ ಹಾಗೆ. ಹೀಗಾಗಿ ಬೇಡಿಕೆ ಕಳುಹಿಸುವಾಗಲೇ “ವಿಮೆ ಮಾಡಿಸಿ ಕಳುಹಿಸಿ” ಎಂದು ಬರೆದು ತಿಳಿಸುವುದು ಅತ್ಯಗತ್ಯ. ಯಾರೂ ಕಿವಿಗೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ವ್ಯಾಜ್ಯಕ್ಕೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ಅಲ್ಲಿ ದೂರು ಸಲ್ಲಿಸಬಹುದು.

ತಡವಾಗಿ ಬಂದ ಪಾರ್ಸೆಲ್ಲಿನ ಮಾತು ಬೇರೆ. ಸ್ಪೀಡ್ ಪೋಸ್ಟ್ ತಡವಾದರೆ ಅಂಚೆ ವೆಚ್ಚ ಮಾತ್ರ ಹಿಂದಕ್ಕೆ ಸಿಗುತ್ತದೆ. ಬೀಜವನ್ನು ಎಸೆಯುವ ಅವಸರ ಬೇಡ, ನೇರವಾಗಿ ಬಿತ್ತುವ ಅವಸರವೂ ಬೇಡ. ಈರುಳ್ಳಿ ಬೀಜವಂತೂ ತೇವ ತಗುಲಿದರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ, ಬಟ್ಟೆ ಒಣಗದಂತೆ ನೋಡಿಕೊಳ್ಳಿ. ಹನ್ನೆರಡನೆಯ ದಿನ ಎಣಿಸಿದಾಗ 70ಕ್ಕೆ ಕಡಿಮೆಯಿಲ್ಲದಷ್ಟು ಚೆನ್ನಾಗಿ ಮೊಳೆತಿದ್ದರೆ ಸಸಿಮಡಿಗೆ ಹಾಕಬಹುದು.