ಜಮಾಬಂದಿಯ ಲೆಕ್ಕ ದೊಡ್ಡ ಪರದೆಯ ಮೇಲೆ: ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸುವ ಕ್ರಮ

ಜಾಲಹಳ್ಳಿ ಇಂದು ಬೆಂಗಳೂರು ನಗರದೊಳಗೆ ಸೇರಿದೆ. ಆದರೆ ಅದರಾಚೆಯ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಅಲ್ಲಿ ಜಮಾ-ಖರ್ಚನ್ನು ಓದಿ ಹೇಳುವುದು ರೂಢಿ. ಕಿವಿಗೆ ಬಿದ್ದ ಅಂಕಿ ಮರೆತುಹೋಗುತ್ತದೆ. ಕಣ್ಣೆದುರಿಗಿರುವ ಅಂಕಿಯನ್ನು ತೋರಿಸಿ ಗ್ರಾಮಸ್ಥರು ಪ್ರಶ್ನೆ ಕೇಳಬಲ್ಲರು. ಸಭಾಂಗಣದಲ್ಲಿ ದೊಡ್ಡ ಹೈ ಡೆಫಿನಿಷನ್ ಟಿವಿ ಇದ್ದರೆ ಪ್ರೊಜೆಕ್ಟರ್ ಬಾಡಿಗೆಗೆ ತರಬೇಕಾಗಿಲ್ಲ, ಒಂದು ಕೇಬಲ್ ಸಾಕು.

ಆ ಕೇಬಲ್ಲಿನ ಹೆಸರು ಎಚ್‌ಡಿಎಂಐ. ಚಿತ್ರ ಮತ್ತು ಧ್ವನಿ ಎರಡನ್ನೂ ಅದೊಂದೇ ಸಾಗಿಸುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ 15 ರಂಧ್ರಗಳ ವಿಜಿಎ ಕಿಂಡಿ ಮಾತ್ರ ಇದ್ದರೆ ಅದರಿಂದ ಚಿತ್ರವಷ್ಟೇ ಹೋಗುತ್ತದೆ. ಧ್ವನಿಗೆ ಬೇರೆ ತಂತಿ ಬೇಕು. ತೆಳುವಾದ ಹೊಸ ಲ್ಯಾಪ್‌ಟಾಪುಗಳಲ್ಲಿ ಯುಎಸ್‌ಬಿ-ಸಿ ಕಿಂಡಿ ಮಾತ್ರ ಇರುವುದುಂಟು. ಅಂತಹ ಎಲ್ಲ ಕಿಂಡಿಗಳೂ ಚಿತ್ರವನ್ನು ಹೊರಗೆ ಕಳುಹಿಸುವುದಿಲ್ಲವಾದ್ದರಿಂದ, ಅಡಾಪ್ಟರಿಗೆ ಹಣ ಕೊಡುವ ಮುನ್ನ ಕೈಪಿಡಿಯನ್ನು ನೋಡತಕ್ಕದ್ದು. ಬಹಳ ಉದ್ದದ ಅಗ್ಗದ ಕೇಬಲ್ಲಿನಲ್ಲಿ ಚಿತ್ರ ಮಿನುಗುವ ಸಂಭವವಿದೆ. ಲ್ಯಾಪ್‌ಟಾಪನ್ನೇ ಟಿವಿಯ ಹತ್ತಿರಕ್ಕೆ ತರುವುದು ಲೇಸು.

ಜೋಡಿಸಿದ ಮೇಲೂ ‘ಸಿಗ್ನಲ್ ಇಲ್ಲ’ ಎಂಬ ಸೂಚನೆ ಬಂದರೆ ಕೇಬಲ್ಲನ್ನು ಶಂಕಿಸಬೇಕಾಗಿಲ್ಲ. ಕೇಬಲ್ ಸಿಕ್ಕಿಸಿದ ಕಿಂಡಿಯ ಪಕ್ಕದಲ್ಲಿರುವ ಸಂಖ್ಯೆಯನ್ನೇ ರಿಮೋಟಿನ ಸೋರ್ಸ್ ಗುಂಡಿಯಿಂದ ಆರಿಸಬೇಕು. ಬಹುತೇಕ ಸಂದರ್ಭಗಳಲ್ಲಿ ತಪ್ಪುವುದು ಇಲ್ಲಿಯೇ. ಅನಂತರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುಂಡಿಯೊಡನೆ ‘ಪಿ’ ಒತ್ತಿದರೆ ನಾಲ್ಕು ಆಯ್ಕೆಗಳು ಕಾಣುತ್ತವೆ. ‘ಡೂಪ್ಲಿಕೇಟ್’ ಎಂಬುದು ಲ್ಯಾಪ್‌ಟಾಪಿನಲ್ಲಿರುವುದೆಲ್ಲವನ್ನೂ ಟಿವಿಗೆ ಕಳುಹಿಸುತ್ತದೆ. ಕಡತ ಹುಡುಕುವಾಗ ತೆರೆದ ಫಲಾನುಭವಿಯ ಆಧಾರ್ ಪ್ರತಿ, ಇದ್ದಕ್ಕಿದ್ದಂತೆ ಬಂದ ಖಾಸಗಿ ಸಂದೇಶ, ಎಲ್ಲವೂ ಸಭೆಯ ಕಣ್ಣಿಗೆ ಬೀಳುತ್ತವೆ. ‘ಎಕ್ಸ್‌ಟೆಂಡ್’ ಆರಿಸಿ ಲೆಕ್ಕಪತ್ರದ ಕಿಟಕಿಯನ್ನು ಮಾತ್ರ ಟಿವಿಯ ಕಡೆಗೆ ಎಳೆದಿಡುವುದು ಕ್ಷೇಮ. ಧ್ವನಿ ಟಿವಿಯಿಂದ ಬಾರದಿದ್ದರೆ ಪರದೆಯ ಮೂಲೆಯ ಸ್ಪೀಕರ್ ಚಿಹ್ನೆಯಲ್ಲಿ ಟಿವಿಯ ಹೆಸರನ್ನು ಆರಿಸಬೇಕು.

ಇದಕ್ಕಿಂತ ಗಂಭೀರವಾದ, ಆದರೆ ಸುಲಭಕ್ಕೆ ಗಮನಕ್ಕೆ ಬಾರದ ತೊಡಕು ಒಂದಿದೆ. ಹಲವು ಟಿವಿಗಳು ಚಿತ್ರವನ್ನು ತುಸು ಹಿಗ್ಗಿಸಿ ನಾಲ್ಕೂ ಅಂಚುಗಳನ್ನು ಕತ್ತರಿಸಿಬಿಡುತ್ತವೆ. ಇದು ಪಿಕ್ಚರ್ ಟ್ಯೂಬಿನ ಕಾಲದ ಪಳೆಯುಳಿಕೆ. 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಹಿಂದೆ ಕಪ್ಪು-ಬಿಳುಪು ಟಿವಿಗೆ ಬೇಕಾದ ಅಂತಹ ಟ್ಯೂಬುಗಳನ್ನು ತಯಾರಿಸುತ್ತಿತ್ತು. ಟ್ಯೂಬಿನಲ್ಲಿ ಚಿತ್ರದ ಅಂಚು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಆ ಕೊರತೆ ಕಾಣದಿರಲೆಂದು ಅಂಚನ್ನು ಚೌಕಟ್ಟಿನ ಹಿಂದಕ್ಕೆ ಸರಿಸುತ್ತಿದ್ದರು. ಟ್ಯೂಬು ಹೋಯಿತು, ಅಭ್ಯಾಸ ಉಳಿಯಿತು. ಸಿನಿಮಾ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಲೆಕ್ಕಪತ್ರದಲ್ಲಾದರೋ ಬಲತುದಿಯ ಅಂಕಣವೇ ಮೊಬಲಗು! ಕಾಮಗಾರಿಯ ಹೆಸರು ಕಂಡು, ಖರ್ಚಾದ ಹಣ ಕಾಣದಿದ್ದರೆ ಸಭೆಯಲ್ಲಿ ಅನುಮಾನ ಹುಟ್ಟುವುದು ಸಹಜ. ಟಿವಿಯ ಚಿತ್ರ ಮೆನುವಿನಲ್ಲಿ ‘ಸ್ಕ್ರೀನ್ ಫಿಟ್’, ‘ಜಸ್ಟ್ ಸ್ಕ್ಯಾನ್’ ಅಥವಾ ಅದಕ್ಕೆ ಸಮಾನವಾದ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ಅಂಚು ಮರಳುತ್ತದೆ.

ಫುಲ್ ಎಚ್‌ಡಿ ಪರದೆಯಲ್ಲಿ 1920×1080 ಚುಕ್ಕೆಗಳಿದ್ದರೆ, 4ಕೆ ಪರದೆಯಲ್ಲಿ 3840×2160. ಚುಕ್ಕೆ ಹೆಚ್ಚಾದಂತೆ ಅಕ್ಷರ ಕಿರಿದಾಗಬಹುದು. ಆಗ ಡಿಸ್‌ಪ್ಲೇ ಸೆಟ್ಟಿಂಗಿನ ‘ಸ್ಕೇಲ್’ ಅನ್ನು ಹೆಚ್ಚಿಸತಕ್ಕದ್ದು. ಇಡೀ ಪುಟವನ್ನು ಒಮ್ಮೆಗೇ ತೋರಿಸುವ ಹಟ ಬೇಡ. ಸಭೆಯ ಹಿಂದಿನ ದಿನ ಸಿಬ್ಬಂದಿಯೊಬ್ಬರು ಕೊನೆಯ ಸಾಲಿನ ಕುರ್ಚಿಯಲ್ಲಿ ಕುಳಿತು ಮೊಬಲಗನ್ನು ಗಟ್ಟಿಯಾಗಿ ಓದಲಿ. ಅವರಿಗೆ ಓದಲಾಗುವಷ್ಟು ಸಾಲುಗಳೇ ಒಂದು ಬಾರಿಗೆ ಸಾಕು.

ಕಡತವನ್ನು ಪೆನ್‌ಡ್ರೈವಿನಲ್ಲಿ ಹಾಕಿ ನೇರವಾಗಿ ಟಿವಿಗೆ ಸಿಕ್ಕಿಸುವ ಪ್ರಯತ್ನವೂ ಅಲ್ಲಲ್ಲಿ ನಡೆಯುತ್ತದೆ. ಎಷ್ಟೋ ಟಿವಿಗಳು ಲೆಕ್ಕಪತ್ರದ ಕಡತವನ್ನು ತೆರೆಯುವುದೇ ಇಲ್ಲ. ಕನ್ನಡ ಅಕ್ಷರಗಳಿದ್ದೆಡೆ ಖಾಲಿ ಚೌಕಗಳು ಕಾಣುವುದೂ ಉಂಟು. ಕೇಬಲ್ ಮೂಲಕ ಹೋಗುವುದು ಲ್ಯಾಪ್‌ಟಾಪ್ ಬಿಡಿಸಿದ ಚಿತ್ರವಾದುದರಿಂದ, ನುಡಿಯಲ್ಲಿ ಬರೆದದ್ದಾಗಲಿ ಯೂನಿಕೋಡಿನಲ್ಲಿ ಬರೆದದ್ದಾಗಲಿ ಲ್ಯಾಪ್‌ಟಾಪಿನಲ್ಲಿ ಕಂಡಂತೆಯೇ ಟಿವಿಯಲ್ಲಿಯೂ ಕಾಣುತ್ತದೆ.

ವಿದ್ಯುತ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಟಿವಿ ನಡೆಯದು. ಆದಕಾರಣ ಲೆಕ್ಕಪತ್ರದ ಮುದ್ರಿತ ಪ್ರತಿ ಸಭೆಯ ಮೇಜಿನ ಮೇಲೆ ಇರತಕ್ಕದ್ದು.