ವಿದ್ಯಾರ್ಥಿಗಳ ಯಂತ್ರಸ್ಪರ್ಧೆಗಳೂ ನಮ್ಮ ತೊಗರಿಯ ಹೊಲಗಳೂ

ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ಸೀಮೆಯ ಹಿಡುವಳಿದಾರರಿಗೆ ತೊಗರಿಯ ಕುಡಿ ಚಿವುಟುವ ಪದ್ಧತಿಯು ಅಪರಿಚಿತವಲ್ಲ. ಬಿತ್ತಿದ ಸುಮಾರು 50 ದಿನಗಳಿಗೆ ಗಿಡದ ತುದಿಯನ್ನು ಚಿವುಟಿದರೆ ಪಕ್ಕದ ಕವಲುಗಳು ಹೆಚ್ಚಾಗಿ ಒಡೆಯುವವು. ಕವಲು ಹೆಚ್ಚಿದಲ್ಲಿ ಹೂವೂ ಕಾಯಿಯೂ ಹೆಚ್ಚುವವು. ಆದರೆ ಈ ಕೆಲಸಕ್ಕೆ ದೊರೆಯುವ ಅವಧಿಯು ಸ್ವಲ್ಪ. ಅದೇ ದಿನಗಳಲ್ಲಿ ಕಳೆ ತೆಗೆಯುವುದಕ್ಕೂ ಆಳುಗಳು ಬೇಕು. ಕಾಲ ಮೀರಿ ಚಿವುಟಿಸಿದರೆ ಕೂಲಿಯ ಖರ್ಚು ಮಾತ್ರ ಉಳಿಯುವುದು. ಬ್ಯಾಟರಿಯಿಂದ ಅಲಗು ತಿರುಗುವ ಕೈಯಂತ್ರಗಳು ಈಚೆಗೆ ಬಳಕೆಗೆ ಬಂದು ಈ ತೊಂದರೆಯನ್ನು ಕೆಲಮಟ್ಟಿಗೆ ತಗ್ಗಿಸಿವೆ. ಇಂಥ ಉಪಕರಣಗಳು ಇನ್ನೂ ಉತ್ತಮಗೊಳ್ಳುವುದರಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ತಂಡಗಳು ಹೇಗೆ ನೆರವಾಗಬಲ್ಲವು, ಗ್ರಾಮಪ್ರಮುಖರು ಅವರಿಗೆ ಹೇಗೆ ನೆರವಾಗಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸ್ಪರ್ಧೆಗಳ ಸ್ವರೂಪ

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ವಿದ್ಯಾರ್ಥಿಗಳ ಯೋಜನೆಗಳಿಗೆ ಸಹಾಯಧನ ಕೊಡುತ್ತ ಬಂದಿದೆ. ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಯೋಜನೆಯನ್ನು ಬರೆದು ಕಳುಹಿಸುವರು. ತಜ್ಞರು ಪರೀಕ್ಷಿಸಿ ಯೋಗ್ಯವಾದುವನ್ನು ಆರಿಸುವರು. ಕಡೆಯಲ್ಲಿ ಪ್ರದರ್ಶನ ನಡೆದು ಉತ್ತಮವಾದುವಕ್ಕೆ ಬಹುಮಾನ ಸಲ್ಲುವುದು.

ವಾಹನಶಿಲ್ಪಿಗಳ ಸಂಘವಾದ ಎಸ್.ಎ.ಇ. ಇಂಡಿಯಾ 2007ರಲ್ಲಿ ‘ಬಾಹಾ’ ಎಂಬ ಸ್ಪರ್ಧೆಯನ್ನು ಆರಂಭಿಸಿತು. ವಿದ್ಯಾರ್ಥಿಗಳು ತಾವೇ ಕಟ್ಟಿದ ಬಂಡಿಯನ್ನು ಕೆಸರು ದಿಣ್ಣೆಗಳ ಮೇಲೆ ನಾಲ್ಕು ತಾಸು ಓಡಿಸಬೇಕು. ಅದಕ್ಕೆ ತಗಲಿದ ವೆಚ್ಚದ ಲೆಕ್ಕವನ್ನೂ ಒಪ್ಪಿಸಬೇಕು. ಇದೇ ಸಂಘವು ಬೇಸಾಯದ ಯಂತ್ರಗಳಿಗಾಗಿ ನಡೆಸುವ ಸ್ಪರ್ಧೆಯ ಹೆಸರು ‘ತಿಫನ್’. ಮರಾಠಿಯಲ್ಲಿ ತಿಫನ್ ಎಂದರೆ ನಮ್ಮ ಮೂರು ತಾಳಿನ ಕೂರಿಗೆಯೇ. ಈರುಳ್ಳಿ ಕೀಳುವ ಯಂತ್ರ, ತರಕಾರಿ ಸಸಿ ನೆಡುವ ಯಂತ್ರ ಮೊದಲಾದುವು ಅದರಲ್ಲಿ ಸ್ಪರ್ಧೆಯ ವಿಷಯಗಳಾಗಿವೆ.

ವಿದ್ಯಾರ್ಥಿಗಳಿಗಾಗುವ ಪ್ರಯೋಜನ

ಬಹುಮಾನದ ಹಣವು ಇದರಲ್ಲಿ ಅಲ್ಪಭಾಗ. ಪುಸ್ತಕದಲ್ಲಿ ಓದಿದ ಬಲದ ಲೆಕ್ಕವು ಬೆಸುಗೆ ಬಿಟ್ಟುಹೋದ ದಿನವೇ ಚೆನ್ನಾಗಿ ಮನಸ್ಸಿಗೆ ಹತ್ತುವುದು. ಒಬ್ಬನು ನಕ್ಷೆ ಬರೆಯುವನು, ಒಬ್ಬಳು ವೆಚ್ಚವನ್ನು ನೋಡಿಕೊಳ್ಳುವಳು, ಮತ್ತೊಬ್ಬನು ಕಬ್ಬಿಣ ಕಡಿಯುವನು. ಒಬ್ಬರು ತಡಮಾಡಿದರೆ ಎಲ್ಲರ ಕೆಲಸವೂ ನಿಲ್ಲುವುದು. ಹತ್ತು ಜೋಡಿ ಎತ್ತುಗಳು ಹೂಡುವ ಹೊಲದಲ್ಲಿ ಹೊಂದಾಣಿಕೆ ಏಕೆ ಬೇಕೆಂದು ಒಕ್ಕಲಿಗನಿಗೆ ಹೇಳಬೇಕಾಗಿಲ್ಲ. ಕಾಲೇಜಿನ ಮಕ್ಕಳು ಅದನ್ನು ಇಲ್ಲಿ ಕಲಿಯುವರು.

ಆದರೆ ಒಂದು ಕುಂದನ್ನು ಮರೆಮಾಡಲಾಗದು. ಪ್ರದರ್ಶನದ ನಯವಾದ ನೆಲದ ಮೇಲೆ ಚೆನ್ನಾಗಿ ನಡೆದ ಯಂತ್ರವು ಮಳೆ ಬಿದ್ದ ಎರೆಹೊಲದಲ್ಲಿ ಒಂದು ಮಾರು ಚಲಿಸದಿರಬಹುದು. ಬಹುಮಾನ ಬಂದ ಮೇಲೆ ಅದು ಕಾಲೇಜಿನ ಮೂಲೆ ಸೇರಿದರೆ ರೈತನಿಗೇನು ಲಾಭ? ವಿದ್ಯಾರ್ಥಿಗೆ ಹೊಲವೂ, ಹೊಲದವನ ಮಾತೂ ದೊರೆಯದಿರುವುದೇ ಇದಕ್ಕೆ ಮುಖ್ಯ ಕಾರಣ.

ಗ್ರಾಮಪ್ರಮುಖರು ಮಾಡತಕ್ಕ ಕೆಲಸ

ಕಲಬುರಗಿಯಲ್ಲಿ 1958ರಲ್ಲಿ ಸ್ಥಾಪಿತವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಇದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಬೋಧನೆಯಿದೆ. ಇಂಥ ಸಂಸ್ಥೆಗಳ ಅಧ್ಯಾಪಕರೊಡನೆ ವ್ಯವಹರಿಸುವಾಗ ಮುಂದಿನ ಅಂಶಗಳನ್ನು ಗಮನಿಸತಕ್ಕದ್ದು.

ಮೊದಲನೆಯದಾಗಿ, ಸಮಸ್ಯೆಯನ್ನು ಖಚಿತವಾಗಿ ತಿಳಿಸಬೇಕು. “ಒಳ್ಳೆಯ ಯಂತ್ರ ಬೇಕು” ಎಂದರೆ ಸಾಲದು. ಅಲಗಿಗೆ ಎಳೆಯ ಕುಡಿ ಸುತ್ತಿಕೊಳ್ಳುವುದೇ, ಬ್ಯಾಟರಿ ಎಷ್ಟು ಹೊತ್ತು ಬರುವುದು, ಅದನ್ನು ಹೊತ್ತ ಹೆಣ್ಣಾಳಿಗೆ ಬೆನ್ನು ನೋಯುವುದೇ ಎಂಬುದನ್ನು ಹೇಳಬೇಕು. ವಾಡಿ ಮತ್ತು ಶಹಾಬಾದದ ಸುತ್ತ ಫರಸಿ ಗಣಿಗಳ ಬಳಿ ಬಿದ್ದಿರುವ ಚೂರುಗಲ್ಲಿನಿಂದ ಕೊಟ್ಟಿಗೆಯ ನೆಲವನ್ನೂ ಹೊಲದ ಒಡ್ಡನ್ನೂ ಅಗ್ಗವಾಗಿ ಕಟ್ಟಬಹುದೇ ಎಂಬುದೂ ಪರೀಕ್ಷೆಗೆ ತಕ್ಕ ವಿಷಯವೇ.

ಎರಡನೆಯದಾಗಿ, ಕಾಲವನ್ನು ನೋಡಬೇಕು. ವಿದ್ಯಾರ್ಥಿಯ ಯೋಜನೆಯು ವರ್ಷದ ಪರೀಕ್ಷೆಯೊಡನೆ ಮುಗಿಯುವುದು. ತೊಗರಿಯು ಅದಕ್ಕಾಗಿ ಕಾಯದು. ಆದುದರಿಂದ ಒಂದು ವರ್ಷ ಮುಂಚಿತವಾಗಿಯೇ ಅವರನ್ನು ಶ್ರಾವಣದಲ್ಲಿ ಹೊಲಕ್ಕೆ ಕರೆದು ಕೆಲಸವನ್ನು ತೋರಿಸಬೇಕು.

ಮೂರನೆಯದಾಗಿ, ಹೊಲದಲ್ಲಿ ಕೆಲವು ಸಾಲುಗಳನ್ನು ಪ್ರಯೋಗಕ್ಕೆ ಬಿಟ್ಟುಕೊಡಬೇಕು. ಕೆಲವನ್ನು ಕೈಯಿಂದ, ಕೆಲವನ್ನು ಯಂತ್ರದಿಂದ ಚಿವುಟಿ, ಕೆಲವನ್ನು ಹಾಗೆಯೇ ಬಿಟ್ಟು, ತಗಲಿದ ಹೊತ್ತು, ಕೂಲಿ ಮತ್ತು ಬಂದ ಕಾಳಿನ ತೂಕವನ್ನು ಬೇರೆಬೇರೆಯಾಗಿ ಬರೆದಿಡಬೇಕು. ಯಾವ ಬಹುಮಾನಪತ್ರಕ್ಕಿಂತಲೂ ಈ ಲೆಕ್ಕವು ಹೆಚ್ಚು ನಂಬತಕ್ಕದ್ದು.

ನಾಲ್ಕನೆಯದಾಗಿ, ಊರಿನ ಕಮ್ಮಾರನನ್ನೂ ಬೆಸುಗೆಯ ಮಿಸ್ತ್ರಿಯನ್ನೂ ಜೊತೆಗೂಡಿಸಬೇಕು. ಮುರಿದ ಭಾಗವು ಸೇಡಂ ಅಥವಾ ಚಿಂಚೋಳಿಯಲ್ಲಿಯೇ ದುರಸ್ತಿಯಾಗುವಂತಿದ್ದರೆ ಮಾತ್ರ ಯಂತ್ರವು ಹಳ್ಳಿಯಲ್ಲಿ ಬಾಳುವುದು.

ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರು ಬಂದ ಬೆಳೆಗೆ ತಕ್ಕ ಉಪಕರಣಗಳೂ ಈ ನೆಲದಲ್ಲಿಯೇ ಹುಟ್ಟುವುದು ಉಚಿತವಲ್ಲವೇ? ಊರಿನಿಂದ ಕಾಲೇಜಿಗೆ ಹೋದ ಮಗನೋ ಮಗಳೋ ತಾನು ಮಾಡಿದ ಯಂತ್ರದೊಡನೆ ತಂದೆಯ ಹೊಲಕ್ಕೆ ಮರಳಿ ಬರುವಂತಾದರೆ ಅದಕ್ಕಿಂತ ದೊಡ್ಡ ಬಹುಮಾನ ಬೇರಿಲ್ಲ. ಬರುವ ಮುಂಗಾರಿಗೆ ಮುನ್ನ ಪ್ರತಿಯೊಂದು ಗ್ರಾಮದಿಂದಲೂ ಇಂಥ ಒಂದು ಸಮಸ್ಯೆಯಾದರೂ ಅಧ್ಯಾಪಕರ ಕೈ ಸೇರುವಂತೆ ಪ್ರಮುಖರು ಮನಸ್ಸು ಮಾಡಬೇಕು.